ಖಾಲಿ ಸೈಟಿನ ತುಂಬೆ

ಈ ಸೋಮವಾರದ ಕಾರ್ತಿಕ ದೀಪ ನಾಗಪತಿಯ ಮನೆಯ ಸರದಿ. ಹೋದ ವರ್ಷ ಪೇಟೆಯ ಸೇವಂತಿಗೆ ತಂದು, ಶಿವನಿಗೆ ತುಂಬೆಯೂ ಸಿಗಲಿಲ್ಲವೇ ಎಂದು ಊರವರಿಂದ ಕೇಳಿಸಿಕೊಂಡಾಗಿತ್ತು. ಹೆಂಡತಿ ಪರಿಮಳಾ ಅದನ್ನು ಮರೆತಿರಲಿಲ್ಲ. ಬೆಳಗ್ಗೆಯೇ ಅವನ ಕೈಗೆ ಚೀಲ ಕೊಟ್ಟಳು.

"ತುಂಬೆ ಹೂ ಇಲ್ಲದ್ದೆ ದೇವಸ್ಥಾನಕ್ಕೆ ಬರಡಿ."

ಯಲ್ಲಾಪುರದ ಆ ಬಡಾವಣೆಯಲ್ಲಿ ಅಂಗಳಗಳಿಗೆಲ್ಲ ಇಂಟರ್‌ಲಾಕ್ ಹಾಸಿದ ಮೇಲೆ ತುಂಬೆ ಉಳಿದದ್ದು ಉದಯ ಮಾರಲಿಕ್ಕಿಟ್ಟ ಖಾಲಿ ಸೈಟಿನಲ್ಲಿ ಮಾತ್ರ. ಅನ್ನದ ಅಗುಳು ಚೆಲ್ಲಿದ ಹಾಗೆ ಬಿಳಿ ಹೂ. ನಾಗಪತಿ ಬಗ್ಗಿ ಮೊದಲ ಹೂವಿಗೆ ಕೈ ಹಾಕಿದ್ದನಷ್ಟೆ.

"ಎಂತ ಹುಡುಕ್ತಾ ಇದ್ದೆ ಮಾರಾಯಾ?"

ಬೇಲಿಯಾಚೆ ಪಕ್ಕದ ಮನೆಯ ರವೀಂದ್ರಣ್ಣ ಹಲ್ಲುಜ್ಜುತ್ತ ನಿಂತಿದ್ದರು. ಮುಂದಿನ ಸೋಮವಾರ ಅವರ ಸರದಿ. ಇಲ್ಲಿ ತುಂಬೆ ಇದೆಯೆಂದು ಬಾಯಿಬಿಟ್ಟರೆ ಮಧ್ಯಾಹ್ನದೊಳಗೆ ಒಂದು ಹೂವೂ ಉಳಿಯುವುದಿಲ್ಲ. ನಾಗಪತಿ ಚೀಲವನ್ನು ಬೆನ್ನ ಹಿಂದೆ ಅಡಗಿಸಿದ.

"ಎಂತೂ ಇಲ್ಲೆ. ಸುಮ್ನೆ ಜಾಗ ನೋಡನ ಹೇಳಿ ಬಂದಿದ್ದು."

ಸುಳ್ಳಿಗೆ ಬಲ ಬರಲೆಂದು ಹೆಜ್ಜೆಯಿಂದ ಅಳೆಯತೊಡಗಿದ. ರವೀಂದ್ರಣ್ಣನ ಬ್ರಶ್ಶು ನಿಂತಿತು. ಅಳತೆ ಆ ಮೂಲೆ ಮುಟ್ಟುವಷ್ಟರಲ್ಲಿ ಎದುರು ಮನೆಯ ಸೀತಕ್ಕ ಹಾಜರು.

"ಅಡುಗೆಮನೆ ಆಗ್ನೇಯಕ್ಕೇ ಇರ್ಲಿ ತಮಾ," ಎನ್ನುತ್ತ ಅವಳು ನೇರ ತುಂಬೆಯ ನಡುವೆ ಕಾಲಿಟ್ಟಳು.

"ಅಲ್ಲಿ ಮೆಟ್ಟಡ ಸೀತಕ್ಕಾ!"

"ಎಂತಕ್ಕೆ?"

"ಅಲ್ಲಿ... ಅಲ್ಲಿ ದೇವರ ಕೋಣೆ ಬತ್ತು."

ಸೀತಕ್ಕ ಚಪ್ಪಲಿ ಕಳಚಿ, ಕೈಮುಗಿದು ಹಿಂದೆ ಸರಿದಳು. ಇಬ್ಬರೂ ಅಲ್ಲಿಂದ ಕದಲುವ ಲಕ್ಷಣವಿರಲಿಲ್ಲ. ಸಂಜೆ ಕೊಯ್ದರಾಯಿತೆಂದು ನಾಗಪತಿ ಕೆಲಸಕ್ಕೆ ಹೋದ.

ಊಟದ ಹೊತ್ತಿಗೆ ಉದಯನ ಫೋನು.

"ಸರ್, ನಮ್ಮ ಸೈಟ್ ನೋಡಿದ್ರಂತಲ್ರೀ! ಹೊಲಸು ಬೆಳದಿತ್ತು, ನನಗ ನಾಚಿಕಿ ಆತು. ಜೆಸಿಬಿ ಕಳ್ಸೇನ್ರಿ, ಕನ್ನಡಿ ಹಂಗ ಮಾಡಿಸ್ತೀನಿ."

ನಾಗಪತಿ ಸ್ಕೂಟರಿನಲ್ಲಿ ಹಾರಿ ಬಂದ. ಮುಡಿ ಕೊಟ್ಟು ಬಂದ ತಲೆಯ ಹಾಗೆ ಸೈಟು ನುಣ್ಣಗಿತ್ತು.

ಸಂಜೆ ಖಾಲಿ ಚೀಲ ಹಿಡಿದು ದೇವಸ್ಥಾನದ ಮೆಟ್ಟಿಲು ಹತ್ತಿದ. ಒಳಗೆ ನೋಡಿದರೆ ಲಿಂಗವೇ ಕಾಣದಷ್ಟು ತುಂಬೆ!

"ಜೆಸಿಬಿ ಬಂದದ್ದು ಕಂಡು ಎಂಗವೆಲ್ಲ ಓಡಿಹೋಗಿ ಕೊಯ್ದಿದ್ದು," ಎಂದಳು ಸೀತಕ್ಕ. "ಮನೆ ಕಟ್ಟ ಗಡಿಬಿಡೀಲಿ ನಿನಗೆ ಹೂವಿನ ನೆನಪು ಎಲ್ಲಿಂದ ಬರವು?"

"ಎಂಗಳ ಸರದಿಗೆ ಸೇವಂತಿಗೆ ಸಾಕು ಬಿಡು," ಎಂದರು ರವೀಂದ್ರಣ್ಣ.

ನಾಗಪತಿಗೆ ತಲೆ ಎತ್ತಲಾಗಲಿಲ್ಲ. ಪಕ್ಕದಲ್ಲಿ ಪರಿಮಳಾ ಕಣ್ಣೊರೆಸಿಕೊಂಡಳು.

"ಸೈಟು ತಗಂಬ ಸುದ್ದಿ ಎನಗೊಬ್ಬಳಿಗೇ ಹೇಳಿದ್ರಿಲ್ಲೆ, ಅಲ್ದಾ?"

ಅವಳ ಹಿಂದೆ ಉದಯ ಪೇಡೆಯ ಪೊಟ್ಟಣ ಹಿಡಿದು ನಗುತ್ತಿದ್ದ. ಭಟ್ಟರು ನಾಗಪತಿಯ ಅಂಗೈಗೆ ನೀರು ಹಾಕಿ ಸಂಕಲ್ಪ ಶುರುಮಾಡಿದರು. ಗೋತ್ರ, ನಕ್ಷತ್ರ ಆಯಿತು. ಆಮೇಲೆ, ಯಾರೂ ಕೇಳದಿದ್ದರೂ, "ನೂತನ ಗೃಹ ನಿರ್ಮಾಣ ಸಿದ್ಧ್ಯರ್ಥಂ..." ಎಂದರು.

ನಿಜ ಒಪ್ಪಿಕೊಳ್ಳಬೇಕಾದರೆ ಹೂ ಕೊಯ್ದು ತಂದವರ ಎದುರೇ, ಅವರಿಂದ ಹೂ ಮುಚ್ಚಿಟ್ಟದ್ದನ್ನು ಹೇಳಬೇಕು. ಆದರೂ ನಾಗಪತಿ ಬಾಯಿ ತೆರೆದ.

"ಸಂಕಲ್ಪದ ಮಧ್ಯ ಮಾತಾಡಡ," ಎಂದು ಭಟ್ಟರು ಗದರಿದರು. "ಹೂಂ, ನೀರು ಬಿಡು."

ನಾಗಪತಿ ನೀರು ಬಿಟ್ಟ.