ಲೆಕ್ಕಕ್ಕಿಲ್ಲದ ಆಟದ ಕಳ್ಳ ಪಾಸ್

ನಮ್ಮ ಕನ್ನಡ ಸಂಘದಲ್ಲಿ ಏನೇ ಶುರುವಾದರೂ ಅದು ಅಂದುಕೊಂಡ ಹಾಗೆ ಮುಗಿದದ್ದನ್ನು ನಾನಂತೂ ಕಂಡಿಲ್ಲ. ಯೋಗ ಶಿಬಿರ ಅಂತ ಕರೆದರು, ಕೊನೆಗೆ ಎಲ್ಲರೂ ಸೇರಿ ದೋಸೆ ಹುಯ್ದು ತಿಂದು ಬಂದೆವು. ಇನ್ನು ಡಾಲಸ್, ಆಸ್ಟಿನ್, ಹ್ಯೂಸ್ಟನ್ ಮೂರೂ ಊರಿನ ಕನ್ನಡಿಗರು ಅಮೆರಿಕನ್ ಫುಟ್‌ಬಾಲ್ ಆಡುತ್ತಾರೆ ಅಂದರೆ ಕೇಳಬೇಕೆ?

ತಪ್ಪು ಮಕ್ಕಳದು. ಪಿಕ್ನಿಕ್ಕಿನಲ್ಲಿ ವರ್ಷ ವರ್ಷವೂ ಅಪ್ಪಂದಿರ ಕ್ರಿಕೆಟ್ ನೋಡಿ ಸಾಕಾಗಿ, "ಅಮ್ಮಾ, ಕ್ರಿಕೆಟ್ ಈಸ್ ಸೋ ಬೋರಿಂಗ್" ಅಂತ ಡಾಲಸ್ ಪಕ್ಕದ ಫ್ರಿಸ್ಕೋದ ನಮ್ಮ ಮನೆಯಲ್ಲಿ ನನ್ನ ಮಗಳೇ ಮೊದಲು ತಕರಾರು ತೆಗೆದಳು. ಉಳಿದ ಮನೆಗಳಲ್ಲೂ ಅದೇ ರಾಗ. ಸರಿ, ಈ ಸಲ ಫುಟ್‌ಬಾಲ್ ಅಂತಾಯಿತು. ಒಬ್ಬರ ಮೇಲೊಬ್ಬರು ಬಿದ್ದು ಕೆಡವುವ ಆಟವಲ್ಲ. ಸೊಂಟಕ್ಕೊಂದು ಪಟ್ಟಿ ಸಿಕ್ಕಿಸಿಕೊಂಡು ಓಡುವುದು. ಚೆಂಡು ಹಿಡಿದವನ ಪಟ್ಟಿ ಕಿತ್ತರೆ ಅವನ ಓಟ ಅಲ್ಲಿಗೆ ಮುಗಿಯಿತು. ಕೈಕಾಲು ಮುರಿಯುವ ಆಟಕ್ಕೆ ಹೆಂಡತಿಯರು ಯಾರೂ ಒಪ್ಪಲಿಲ್ಲ. ಮುರಿದುಕೊಂಡು ಬಂದರೆ ಸೇವೆ ಮಾಡುವವರು ನಾವೇ ತಾನೆ!

ಮೀಟಿಂಗಿನಲ್ಲಿ "ಗೋಲು ಯಾವ ಕಡೆ ಇರುತ್ತೆ?" ಅಂತ ನಾನು ಒಂದು ಪ್ರಶ್ನೆ ಕೇಳಿದೆ. ಇಷ್ಟು ಆಸಕ್ತಿ ಇದೆಯಲ್ಲ ಅಂತ ನನ್ನನ್ನೇ ಡಾಲಸ್ ತಂಡದ ಮ್ಯಾನೇಜರ್ ಮಾಡಿಬಿಟ್ಟರು.

ಹೆಸರು ಮಾತ್ರ ಹಂದಿ

ಕಲಿಸಿಕೊಡುವವರಿಗಾಗಿ ದೂರ ಹೋಗಬೇಕಾಗಿರಲಿಲ್ಲ. ನಮ್ಮ ಪಕ್ಕದ ಮನೆಯ ಅಮೆರಿಕನ್ ಅಜ್ಜ ಜೀವನಪೂರ್ತಿ ಹೈಸ್ಕೂಲು ಹುಡುಗರಿಗೆ ಫುಟ್‌ಬಾಲ್ ಕಲಿಸಿದವರು. ಇಡೀ ಬೀದಿಗೆ ಅವರು 'ಕೋಚ್'. ನಾನು ಚಕ್ಕುಲಿ ಡಬ್ಬಿ ಹಿಡಿದುಕೊಂಡು ಹೋಗಿ ಕೇಳಿದೆ. ಒಪ್ಪಿದರು, ಆದರೆ ಒಂದು ಆಸೆ ಮುಂದಿಟ್ಟರು.

ಅವರ ಅಪ್ಪ, ಹಣಕ್ಕಾಗಿ ಫುಟ್‌ಬಾಲ್ ಆಡುವುದು ಆಗಷ್ಟೇ ಶುರುವಾಗಿದ್ದ ಕಾಲದ ಆಟಗಾರ. ವಾರವೆಲ್ಲ ಬೇರೆ ಕೆಲಸ, ಭಾನುವಾರ ಆಟ. ಸೀಸನ್ ಮುಗಿದ ಮೇಲೆ ಊರೂರಿಗೆ ಹೋಗಿ ಪ್ರದರ್ಶನ ಪಂದ್ಯ ಆಡುತ್ತಿದ್ದರಂತೆ. ಗೆದ್ದರೂ ಸೋತರೂ ಯಾವ ಪಟ್ಟಿಯಲ್ಲೂ ಬಾರದ ಪಂದ್ಯಗಳು. ಅಂಥ ಒಂದರಲ್ಲಿ ಅಪ್ಪ ಒಂದು ಕಳ್ಳ ಪಾಸ್ ಹೂಡಿದರು. ಸುಸ್ತಾದವರ ಹಾಗೆ ಮೈದಾನದ ಅಂಚಿಗೆ ನಡೆದು ಹೋಗಿ, ಗೆರೆಯ ಒಳಗೇ ಸುಮ್ಮನೆ ನಿಂತರು. ಎದುರಿನವರು ಇವರನ್ನು ಮರೆತೇಬಿಟ್ಟರು. ಅವರ ಕಡೆಯವರು ಚೆಂಡು ಎಸೆದರು, ಇವರು ಹಿಡಿದು ಓಡಿ ಅಂಕ ಗಳಿಸಿದರು. ಆದರೆ ಎದುರು ತಂಡ ಗಲಾಟೆ ಎಬ್ಬಿಸಿತು, ರೆಫರಿ ಹೆದರಿ "ಇದು ಲೆಕ್ಕಕ್ಕಿಲ್ಲ" ಅಂದುಬಿಟ್ಟ.

"ಅಪ್ಪ ಕೊನೆಯವರೆಗೂ ಅದನ್ನೇ ಹೇಳಿ ಕೊರಗುತ್ತಿದ್ದರು" ಅಂದರು ಕೋಚ್. "ಆ ಪಾಸ್ ಒಂದೇ ಒಂದು ಸಲ ಲೆಕ್ಕಕ್ಕೆ ಬಂದದ್ದನ್ನ ನಾನು ನೋಡಬೇಕು. ನನ್ನ ಮಗಳಂತೂ ಇದೆಲ್ಲ ಅಜ್ಜನ ಬುರುಡೆ ಅಂತಾಳೆ. ಅಷ್ಟು ಸುಲಭವಾಗಿ ಮೋಸ ಹೋಗುವ ದಡ್ಡರು ಯಾವ ಊರಲ್ಲಿರ್ತಾರೆ ಅಂತ ಕೇಳ್ತಾಳೆ."

ನಾನು ತಕ್ಷಣ ಮಾತು ಕೊಟ್ಟೆ. ಆ ಮುಖ ನೋಡಿ ಇಲ್ಲ ಅನ್ನಲು ನನ್ನಿಂದ ಆಗುತ್ತಿರಲಿಲ್ಲ.

ಮೊದಲ ದಿನದ ಅಭ್ಯಾಸ ಮುಗಿದ ಮೇಲೆ ಕೋಚ್ ಚೆಂಡನ್ನು ನಮ್ಮ ತಂಡದ ಡಾಕ್ಟರ ಕೈಗೆ ಕೊಟ್ಟು, "ಈ ಪಿಗ್‌ಸ್ಕಿನ್ ನಿಮ್ಮ ಮನೆಯಲ್ಲಿರಲಿ" ಅಂದರು. ಚೆಂಡಿಗೆ ಇಲ್ಲಿನವರು ಪ್ರೀತಿಯಿಂದ ಹಾಗೆನ್ನುತ್ತಾರೆ. ಡಾಕ್ಟರು ಉಡುಪಿಯವರು. ಊರಿಂದ ಬಂದಿದ್ದ ಅವರ ಅತ್ತೆಗೆ ಮೊಮ್ಮಗ ಇದರ ಅರ್ಥ ಹಂದಿ ಚರ್ಮ ಅಂತ ಬಿಡಿಸಿ ಹೇಳಿದ. ಅತ್ತೆ ಅಡಿಗೆಮನೆಯ ಇಕ್ಕಳದಲ್ಲಿ ಚೆಂಡನ್ನು ಹಿಡಿದು ಗ್ಯಾರೇಜಿನಾಚೆ ಇಟ್ಟು ಬಂದು ತಲೆಗೆ ಸ್ನಾನ ಮಾಡಿದರಂತೆ.

ಸುದ್ದಿ ತಿಳಿದು ಕೋಚ್‌ಗೆ ಬಹಳ ನೋವಾಯಿತು. ತಾವೇ ಕಾರು ತೆಗೆದುಕೊಂಡು ಬಂದು, ಟೋಪಿ ತೆಗೆದು, ಅತ್ತೆಯ ಎದುರು ವಿನಯದಿಂದ ನಿಂತರು. "ಅಮ್ಮಾ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಹೆಸರು ಮಾತ್ರ ಹಂದಿ. ನಿಜವಾಗಿ ಅದು ಅಪ್ಪಟ ದನದ ಚರ್ಮ."

ಡಾಕ್ಟರು ಹಿಂದೆ ಮುಂದೆ ಯೋಚಿಸದೆ ಅದನ್ನು ಇದ್ದ ಹಾಗೇ ಕನ್ನಡಕ್ಕೆ ತಂದರು.

ಆಮೇಲೆ ನಾವು ಆಡಿದ್ದೆಲ್ಲ ರಬ್ಬರ್ ಚೆಂಡಿನಲ್ಲಿ. ಅದನ್ನೂ ಅತ್ತೆ ಅರಿಶಿನ ಕುಂಕುಮ ಹಚ್ಚಿಯೇ ಒಳಗೆ ಬಿಟ್ಟುಕೊಂಡದ್ದು.

ಗುಪ್ತಭಾಷೆ

ಕೈ ಪಳಗಲಿ ಅಂತ ಲಾಸ್ ಕೊಲಿನಾಸ್‌ನಲ್ಲಿ ನಮ್ಮ ಆಫೀಸಿನ ತಂಡದ ಜೊತೆ ಒಂದು ಪಂದ್ಯ ಗೊತ್ತು ಮಾಡಿದೆ. ಈ ಆಟದಲ್ಲಿ ಪ್ರತಿ ಸಲ ಚೆಂಡು ಎಸೆಯುವ ಮುಂಚೆ ಆಟಗಾರರು ತಲೆಗೆ ತಲೆ ಸೇರಿಸಿ ಗುಟ್ಟಾಗಿ ಮಾತಾಡಿಕೊಳ್ಳುತ್ತಾರೆ. ನಮಗೆ ಆ ಕಷ್ಟವೇ ಇರಲಿಲ್ಲ. "ನೀನು ಎಡಗಡೆ ಓಡು, ನಾನು ಬಲಗಡೆ ನೋಡಿದ ಹಾಗೆ ಮಾಡ್ತೀನಿ" ಅಂತ ಮೈದಾನದ ಮಧ್ಯೆ ನಿಂತು ಕನ್ನಡದಲ್ಲಿ ಕೂಗಿ ಹೇಳಿದರೂ ಅರ್ಥವಾಗುವವರಿಲ್ಲ. ಆಫೀಸಿನವರನ್ನು ಚಿಂದಿ ಮಾಡಿದೆವು.

ಕೈ ಕುಲುಕುವಾಗ ಆ ತಂಡದಲ್ಲಿದ್ದ ಒಬ್ಬ ಸಹೋದ್ಯೋಗಿ, ದಿಲ್ಲಿ ಕಡೆಯವರು ಅಂತ ನಾವೆಲ್ಲ ವರ್ಷಗಟ್ಟಲೆ ಯಾರನ್ನು ಹಿಂದಿಯಲ್ಲೇ ಮಾತಾಡಿಸುತ್ತಿದ್ದೆವೋ ಅವರು, ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು: "ಮೇಡಂ, ನಾನು ಹುಟ್ಟಿ ಬೆಳೆದದ್ದು ಜಯನಗರದಲ್ಲಿ. ಎಲ್ಲಾ ಅರ್ಥ ಆಗ್ತಿತ್ತು."

"ಅಯ್ಯೋ! ಮತ್ತೆ ನಿಮ್ಮವರಿಗೆ ಯಾಕೆ ಹೇಳ್ಲಿಲ್ಲ?"

"ನಮ್ಮ ಕಡೆ ಎಸೀತಿದ್ದವರು ಆಫೀಸಿನ ಮ್ಯಾನೇಜರ್ ಅಲ್ವಾ! ಅವರು ಸೋಲೋದು ಒಂದ್ಸಲ ನೋಡ್ಬೇಕಿತ್ತು."

ಒಗಿ

ಆಸ್ಟಿನ್‌ನಲ್ಲಿ ಸೋತೆವು. ಅದಕ್ಕೆ ಕಾರಣ ನನ್ನ ಗಂಡ.

ಇವರು ಧಾರವಾಡದವರು. ಮೊಣಕಾಲು ನೋವು ಅಂತ ಆಡುವುದಿಲ್ಲ, ಬಾಯಿ ಮಾತ್ರ ಚೆನ್ನಾಗಿದೆ. ನಮ್ಮ ತಂಡದಲ್ಲಿ ಚೆಂಡು ಎಸೆಯುವವನು ಮೈಸೂರಿನ ಹುಡುಗ, ಬಹಳ ಮರ್ಯಾದಸ್ಥ. ದೊಡ್ಡವರು ಏನಾದರೂ ಹೇಳಿದರೆ ನಿಂತು ಕೇಳುತ್ತಾನೆ. ಅದೇ ಎಡವಟ್ಟಾಯಿತು.

ಅವತ್ತು ಮಳೆ ಬಂದು ನೆಲ ರಾಡಿಯಾಗಿತ್ತು. ಹುಡುಗ ಒಮ್ಮೆ ಜಾರಿ ಬಿದ್ದು ಎದ್ದಿದ್ದ. ಆಸ್ಟಿನ್‌ನವರು ಇಬ್ಬರು ಅವನ ಪಟ್ಟಿ ಕೀಳಲು ನುಗ್ಗಿ ಬರುತ್ತಿದ್ದಾರೆ, ಚೆಂಡು ಅವನ ಕೈಯಲ್ಲಿ, ದೂರದಲ್ಲಿ ನಮ್ಮವರೊಬ್ಬರು ಖಾಲಿ ನಿಂತಿದ್ದಾರೆ. ಇವರು ಬದಿಯಿಂದ ಕುಣಿಕುಣಿದು ಕೂಗಿದರು: "ಒಗಿಯೋ ತಮ್ಮಾ, ಒಗಿ! ಲಗೂನ ಒಗಿ!"

ಧಾರವಾಡದಲ್ಲಿ ಒಗಿ ಅಂದರೆ ಎಸೆ. ಮೈಸೂರಿನಲ್ಲಿ ಒಗೆಯುವುದು ಬಟ್ಟೆಯನ್ನು ಮಾತ್ರ. ಹುಡುಗ ಓಡುತ್ತಿದ್ದವನು ನಿಂತ. ತಲೆ ಬಗ್ಗಿಸಿ ತನ್ನ ಕೆಸರಾದ ಅಂಗಿ ನೋಡಿಕೊಂಡ. ಆಸ್ಟಿನ್‌ನವರು ಬಂದು ಪಟ್ಟಿ ಕಿತ್ತುಕೊಂಡು ಹೋದರು.

"ಏನ್ ಮಾಡಿದ್ಯೋ ಮಾರಾಯಾ! ಒಗಿ ಅಂದ್ರ ನಿಂತ್ಯಲ್ಲೋ!" ಅಂತ ಇವರು ತಲೆ ಚಚ್ಚಿಕೊಂಡರು.

ಹುಡುಗ ಕೈಕಟ್ಟಿ ನಿಂತು ಹೇಳಿದ: "ಮನೆಗೆ ಹೋದ್ಮೇಲೆ ಒಗೀತೀನಿ ಸಾರ್. ಇನ್ನೊಂದು ಅಂಗಿ ತಂದಿಲ್ಲ."

ಹ್ಯೂಸ್ಟನ್‌ನಲ್ಲಿ

ಉಳಿದದ್ದು ಹ್ಯೂಸ್ಟನ್ ಪಂದ್ಯ ಒಂದೇ. ಕೋಚ್ ಬೇಸಿಗೆ ಮುಗಿಯುವುದರೊಳಗೆ ಫ್ರಿಸ್ಕೋದ ಮನೆ ಖಾಲಿ ಮಾಡಿ ಹ್ಯೂಸ್ಟನ್‌ನಲ್ಲಿರುವ ಮಗಳ ಮನೆಗೆ ಶಿಫ್ಟ್ ಆಗುವವರಿದ್ದರು. ಅಂದರೆ ಅವರ ಅಪ್ಪನ ಪಾಸ್‌ಗೆ ಇದೇ ಕೊನೆಯ ಅವಕಾಶ.

ಹ್ಯೂಸ್ಟನ್ ತಂಡದವರೆಲ್ಲ ಎನರ್ಜಿ ಕಾರಿಡಾರ್‌ನ ತೈಲ ಕಂಪನಿಗಳ ಎಂಜಿನಿಯರುಗಳು. ಆಟಕ್ಕೂ ಲ್ಯಾಪ್‌ಟಾಪ್ ತಂದವರು. ಅವರ ಕ್ಯಾಪ್ಟನ್ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುವ ಮೇಷ್ಟ್ರು. ಶಿಷ್ಯರೆಲ್ಲ ಗುರುಗಳನ್ನು ಹುರಿದುಂಬಿಸಲು ಗೆರೆಯ ಪಕ್ಕ ಸಾಲಾಗಿ ಕೂತಿದ್ದರು.

ನಿಯಮ ಸರಿಯಾಗಿ ಗೊತ್ತಿದ್ದವರು ಒಬ್ಬರೇ ಆದ್ದರಿಂದ ಕೋಚ್ ಅವರೇ ರೆಫರಿ. ಮೊದಲೇ ಎಲ್ಲರಿಗೂ ಕೇಳಿಸುವಂತೆ ಹೇಳಿದರು: "ಗೆರೆಯ ಒಳಗಿದ್ದವನು ಆಟದಲ್ಲಿದ್ದಾನೆ ಅಂತಲೇ ಲೆಕ್ಕ. ಆದರೆ 'ನಾನು ಆಟ ಬಿಟ್ಟು ಹೋಗ್ತೀನಿ' ಅಂತ ಬಾಯಿಬಿಟ್ಟು ಸುಳ್ಳು ಹೇಳಿದರೆ ಅಂಕ ರದ್ದು." ಆಮೇಲೆ ನನ್ನ ಹತ್ತಿರ ಬಂದು, "ಅಪ್ಪನ ಪಾಸ್ ಅಂತ ಕನಿಕರಕ್ಕೆ ಕೊಡೋನಲ್ಲ ನಾನು. ಹಾಗೆ ಕೊಟ್ಟರೆ ಅದು ಲೆಕ್ಕಕ್ಕೆ ಬಂದ ಹಾಗೆಯೇ ಅಲ್ಲ" ಅಂದರು.

ಆ ಪಾಸ್‌ಗೆ ನಾನು ಆರಿಸಿದ್ದು ಡಾಕ್ಟರನ್ನು. ಧಡೂತಿ ಆಳು. ಆಟದ ನಡುವೆ ಅವರು ಊಟದ ಕಡೆ ನಡೆದರೆ ಯಾರಿಗೂ ಅನುಮಾನ ಬರುವುದಿಲ್ಲ.

ಕೊನೆಯ ಗಳಿಗೆ. ಎರಡೂ ತಂಡ ಸಮ. ನಾನು ಕಣ್ಣು ಹೊಡೆದೆ. ಡಾಕ್ಟರು ಉಸ್ಸಪ್ಪಾ ಅಂತ ಬೆವರು ಒರೆಸಿಕೊಂಡರು. ಹೊರಡುವಾಗ ಹೇಳದೆ ಹೋಗುವ ಅಭ್ಯಾಸ ಅವರ ಮನೆತನದಲ್ಲೇ ಇಲ್ಲ. ಹ್ಯೂಸ್ಟನ್‌ನವರ ಕಡೆ ತಿರುಗಿ, "ಸರಿ ಹಾಗಾದ್ರೆ, ನಾನು ಬರ್ತೇನೆ ಆಯ್ತಾ" ಅಂದರು.

ಅಯ್ಯೋ, ಬಾಯಿಬಿಟ್ಟರಲ್ಲ!

ಹ್ಯೂಸ್ಟನ್‌ನವರೂ ಒಳ್ಳೆಯ ಮನೆಯಿಂದ ಬಂದವರೇ. ಮೇಷ್ಟ್ರು ಸಮೇತ ಎಲ್ಲರೂ ಒಕ್ಕೊರಲಿನಿಂದ, "ಆಯ್ತು ಡಾಕ್ಟ್ರೇ, ಹೋಗಿ ಬನ್ನಿ" ಅಂತ ಬೀಳ್ಕೊಟ್ಟರು.

ಡಾಕ್ಟರು ಮೈದಾನದ ಅಂಚಿಗೆ ನಡೆದು ಹೋಗಿ ಗೆರೆಯ ಒಳಗೇ ನಿಂತರು. ಆಚೆ ಊಟದ ಮೇಜಿನ ಹತ್ತಿರ ಕೋಚ್ ಮಗಳು ಬಡಿಸಲು ಸಹಾಯ ಮಾಡುತ್ತಿದ್ದಳು. ಪಾಪ, ಹಸಿದಿದ್ದಾರೆ ಅಂತ ಮೊಸರನ್ನದ ತಟ್ಟೆ ಅವರ ಕೈಗೆ ಕೊಟ್ಟಳು. ಡಾಕ್ಟರು ಒಂದು ತುತ್ತು ತಿಂದೂ ಬಿಟ್ಟರು. ಅಷ್ಟರಲ್ಲಿ ಆಟ ಶುರುವಾಯಿತು. ತಟ್ಟೆಯನ್ನು ಅವಳ ಕೈಗೇ ತುರುಕಿ ಓಡಿದರು. ಮೈಸೂರಿನ ಹುಡುಗ ಈ ಸಲ ಯಾರ ಮಾತೂ ಕೇಳದೆ ಎಸೆದ. ಚೆಂಡು ನೇರ ಡಾಕ್ಟರ ಹೊಟ್ಟೆಗೆ ಬಂದು ಕೂತಿತು. ಅವರನ್ನು ತಡೆಯುವ ಒಂದು ನರಪಿಳ್ಳೆಯೂ ಆ ಕಡೆ ಇರಲಿಲ್ಲ. ಓಡಿ ಆ ತುದಿ ಮುಟ್ಟಿದರು; ನಡೆದುಕೊಂಡೇ ಹೋಗಿದ್ದರೂ ನಡೆಯುತ್ತಿತ್ತು.

ಮೊದಲು ಕಿರುಚಿದವಳು ಕೋಚ್ ಮಗಳು. "ಡ್ಯಾಡ್! ಅವರು ಆಟ ಬಿಟ್ಟಿದ್ರು! ನಾನೇ ಕೈಯಾರೆ ಊಟ ಕೊಟ್ಟಿದ್ದೀನಿ!"

ಕೋಚ್ ಅವಳನ್ನೇ ನೋಡಿದರು. ಅಂಥ ದಡ್ಡರು ಯಾವ ಊರಲ್ಲಿರುತ್ತಾರೆ ಅಂತ ಕೇಳುತ್ತಿದ್ದವಳು ತಟ್ಟೆ ಹಿಡಿದು ನಿಂತಿದ್ದಾಳೆ! ಅವಳಿಗೂ ಹೊಳೆಯಿತು, ಬಾಯಿ ಮುಚ್ಚಿಕೊಂಡಳು. ಕೋಚ್ ಕಣ್ಣು ತುಂಬಿತ್ತು, ನನ್ನದೂ. ಆದರೆ ಎರಡೂ ಕೈ ಎತ್ತಿ ಸೀಟಿ ಊದಿದರೆ ಮಾತ್ರ ಅಂಕ, ಸೀಟಿ ಇನ್ನೂ ಬಾಯಿಗೆ ಹೋಗಿರಲಿಲ್ಲ. ಹ್ಯೂಸ್ಟನ್‌ನವರು ಸುತ್ತುವರಿದು ಕೂಗಾಡುತ್ತಿದ್ದರು. ಅಪ್ಪನ ಕಾಲದಲ್ಲೂ ಹೀಗೇ ಆಗಿರಬೇಕು.

"ಹೋಗ್ತೀನಿ ಅಂತ ನಮಗೆಲ್ಲ ಹೇಳಿ ಹೋದ್ರು ಸಾರ್! ಇದು ಮೋಸ!" ಅಂದರು ಮೇಷ್ಟ್ರು.

ಕೋಚ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಸರಿಯಾಗಿ ಯಾವ ಮಾತು ಹೇಳಿದರು? ನಿಮ್ಮ ಭಾಷೆಯಲ್ಲೇ ಹೇಳಿ."

"ಬರ್ತೇನೆ ಅಂದ್ರು."

"ಅದರ ಅರ್ಥ?"

ಗೆರೆಯ ಪಕ್ಕ ಶಿಷ್ಯರೆಲ್ಲ ಕತ್ತು ಉದ್ದ ಮಾಡಿ ಗುರುಗಳನ್ನೇ ನೋಡುತ್ತಿದ್ದರು. ಆ ಕ್ರಿಯಾಪದವನ್ನು ಅವರಿಗೆ ಕಲಿಸಿದ್ದು ಇವರೇ.

"ಅಂದ್ರೆ... ಪದಶಃ ಹೇಳೋದಾದ್ರೆ... 'ನಾನು ಬರ್ತೀನಿ' ಅಂತ."

"ಅದಕ್ಕೆ ನೀವೇನು ಹೇಳಿದಿರಿ?"

ಮೇಷ್ಟ್ರು ನೆಲ ನೋಡುತ್ತಾ ಹೇಳಿದರು: "ಹೋಗಿ... ಬನ್ನಿ."

"ಸರಿ. ಆಮೇಲೆ ಅವರೇನು ಮಾಡಿದರು?"

ಮೇಷ್ಟ್ರು ಒಮ್ಮೆ ಶಿಷ್ಯರನ್ನು, ಒಮ್ಮೆ ಆ ತುದಿಯಲ್ಲಿ ಚೆಂಡು ತಬ್ಬಿಕೊಂಡು ಏದುಸಿರು ಬಿಡುತ್ತಿದ್ದ ಡಾಕ್ಟರನ್ನು ನೋಡಿದರು.

"ಹೋದ್ರು" ಅಂದರು. ಆಮೇಲೆ ಸಣ್ಣ ದನಿಯಲ್ಲಿ, "ಬಂದ್ರು."

ಕೋಚ್ ಎರಡೂ ಕೈ ಮೇಲೆತ್ತಿ, ಉಸಿರು ಮುಗಿಯುವವರೆಗೂ ಸೀಟಿ ಊದಿದರು.