ಚಕ್ರದ ಮನೆಗೆ ಗೃಹಪ್ರವೇಶ

"ಇನ್ನು ಮುಂದೆ ಈ ಮೋಹನ್‌ಕುಮಾರ್ ನೆಲದ ಮೇಲೆ ಮಲಗುವವನಲ್ಲ! ಮಲಗಿದರೆ ಚಕ್ರದ ಮೇಲೆ!"

ಅರಸೀಕೆರೆಯ ನಮ್ಮ ಬಾಡಿಗೆ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ನಂದಿತಾ ಚಪಾತಿ ಲಟ್ಟಿಸುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಚಕ್ರದ ಮೇಲೆ ಮಲಗಿದ್ರೆ ಬೆನ್ನಿಗೆ ಒತ್ತಲ್ವೇನ್ರೀ?" ಎಂದಳು.

ಮಹಾಸಂಕಲ್ಪಗಳಿಗೆ ಈ ದೇಶದಲ್ಲಿ ಸಿಗುವ ಮರ್ಯಾದೆ ಇಷ್ಟೇ!

ಸಂಕಲ್ಪಕ್ಕೆ ಬಲವಾದ ಕಾರಣವಿತ್ತು. ನಾವಿಬ್ಬರೂ ಒಂದೇ ಹೈಸ್ಕೂಲಿನಲ್ಲಿ ಪಾಠ ಮಾಡುವವರು. ನಾನು ವಿಜ್ಞಾನ, ಅವಳು ಕನ್ನಡ. ಮದುವೆಯಾಗಿ ಎರಡು ವರ್ಷ. ಈ ಎರಡು ವರ್ಷಗಳಲ್ಲಿ ನಾವಿಬ್ಬರೇ ಎದುರುಬದುರು ಕೂತು ಊಟ ಮಾಡಿದ ದಿನಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಯಾಕೆಂದರೆ ಅರಸೀಕೆರೆ ರೈಲ್ವೆ ಜಂಕ್ಷನ್, ನಮ್ಮ ಮನೆ ಸ್ಟೇಷನ್ನಿಗೆ ಐದೇ ನಿಮಿಷ. ಹುಬ್ಬಳ್ಳಿಯಿಂದ ಬಂದು ಮೈಸೂರು ರೈಲು ಹಿಡಿಯುವ ನನ್ನ ಚಿಕ್ಕಪ್ಪ, ಹಾಸನದಿಂದ ಬಂದು ಶಿವಮೊಗ್ಗದ ರೈಲು ಕಾಯುವ ಅವಳ ಸೋದರತ್ತೆ, ಇಬ್ಬರಿಗೂ ಗೊತ್ತಿರುವ ಇನ್ಯಾರೋ, ಎಲ್ಲರಿಗೂ ನಮ್ಮ ಮನೆಯೇ ವೇಯ್ಟಿಂಗ್ ರೂಮು. "ರೈಲು ಎರಡು ಗಂಟೆ ಲೇಟಂತೆ ಕಣಮ್ಮ, ಹಂಗೇ ಬಂದೆ" ಎನ್ನುತ್ತಾ ಬ್ಯಾಗು ಇಳಿಸುತ್ತಾರೆ. ರೈಲ್ವೆಯವರು ತಡ ಮಾಡಿದ್ದಕ್ಕೆ ನಾವು ಉಪ್ಪಿಟ್ಟು ಕಿಂಡಬೇಕು! ಇದು ಯಾವ ನ್ಯಾಯ?

ಅದಕ್ಕೇ ಮೊದಲು ಒಂದು ಟೆಂಟು ಕೊಂಡೆವು. ಬೇಸಿಗೆ ರಜದಲ್ಲಿ ಬೇಲೂರಿನ ಯಗಚಿ ಹಿನ್ನೀರಿನ ದಂಡೆಯಲ್ಲಿ ಹಾಕಿದೆವು. ಎಷ್ಟು ಚೆಂದದ ಜಾಗ! ಹತ್ತು ನಿಮಿಷವಾಗಿಲ್ಲ, ಒಬ್ಬ ಅಜ್ಜಿ ಬಂದು ಟೆಂಟಿನ ಬಾಗಿಲಲ್ಲಿ ಕಾಲು ಚಾಚಿ ಕೂತರು.

"ಮಂಡಿ ನೋವಿಗೆ ಎಣ್ಣೆ ಕೊಡ್ತೀರೇನಪ್ಪ?"

ರಸ್ತೆ ಬದಿ ಡೇರೆ ಹಾಕಿದವರೆಲ್ಲ ಗಿಡಮೂಲಿಕೆ ಔಷಧಿ ಮಾರುವವರೇ ಎಂದು ಅವರ ಲೆಕ್ಕ. ಅಲ್ಲ ಅಂದರೆ ನಂಬಲಿಲ್ಲ. "ದುಡ್ಡು ಕೊಡ್ತೀನಿ ಕಣಪ್ಪ, ಪುಕ್ಕಟೆ ಬ್ಯಾಡ" ಎಂದು ಸಿಟ್ಟಾದರು. ಸಂಜೆಯೊಳಗೆ ಇನ್ನೂ ನಾಲ್ಕು ಮಂಡಿಗಳು ಬಂದವು. ಕೊನೆಗೆ ನಂದಿತಾ ತಲೆಗೆ ಹಚ್ಚಲು ತಂದಿದ್ದ ಕೊಬ್ಬರಿ ಎಣ್ಣೆಯನ್ನೇ ಹಂಚಿ ಕಳಿಸಿದಳು. ಅಷ್ಟರಲ್ಲಿ ಒಂದು ಮೇಕೆ ಟೆಂಟಿನ ಹಗ್ಗ ಅಗಿದು, ಟೆಂಟು ನಮ್ಮಿಬ್ಬರ ಮೇಲೆ ಕುಸಿದು ಬಿತ್ತು.

ಒಳಗಿನಿಂದಲೇ ನಂದಿತಾ ಅಂತಿಮ ತೀರ್ಪು ಕೊಟ್ಟಳು. "ನೋಡ್ರೀ, ಇನ್ನೊಂದೇ ಒಂದು ಸಲ ಅವಕಾಶ. ಅದೂ ಹೀಗೇ ಆದ್ರೆ, ಮುಂದೆ ಎಲ್ಲಾ ರಜಕ್ಕೂ ನಾನು ಅಮ್ಮನ ಮನೆಗೆ. ನೀವು ಎಣ್ಣೆ ಮಾರ್ಕೊಂಡಿರಿ!"

ಆದ್ದರಿಂದ ಕ್ಯಾರವಾನ್! ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಪುಟ್ಟ ಮನೆ. ಮುಂದೆ ಬಾಗಿಲು, ನಡುವೆ ಗ್ಯಾಸ್ ಒಲೆ, ಹಿಂದೆ ದೊಡ್ಡ ಕಿಟಕಿಯ ಕೆಳಗೆ ಮೆತ್ತನೆ ಹಾಸಿಗೆ. ಬಿಕ್ಕೋಡಿನ ಕಾಫಿ ತೋಟದ ರವಿಕುಮಾರ್ ಎಂಬುವರು ಕೊಯಮತ್ತೂರಿನಲ್ಲಿ ಮಾಡಿಸಿ, ಎರಡೇ ಸಲ ಬಳಸಿ, ಮಾರಾಟಕ್ಕಿಟ್ಟಿದ್ದರು. ದಸರಾ ರಜದ ಮೊದಲ ಭಾನುವಾರವೇ ಹೋಗಿ ಕೊಂಡೆವು.

"ಮೇಷ್ಟ್ರೇ, ಒಂದು ಮಾತು" ಎಂದರು ರವಿಕುಮಾರ್. "ಕಾರಿಂದ ಬಿಚ್ಚಿದ ಮೇಲೆ ಮೊದಲು ನಾಲ್ಕು ಮೂಲೆಗೂ ಜಾಕಿ ಇಳಿಸ್ಬೇಕು. ಎರಡೇ ಚಕ್ರ ನೋಡಿ, ಹಿಂದೆ ಭಾರ ಬಿದ್ರೆ..."

"ರವಿಕುಮಾರ್ ಅವರೇ," ನಾನು ಮುಗುಳ್ನಕ್ಕೆ. "ಏಳು ವರ್ಷದಿಂದ ಸನ್ನೆಕೋಲಿನ ಪಾಠ ಮಾಡ್ತಾ ಇದೀನಿ. ನನಗೇ ಹೇಳ್ತೀರಾ?"

ಅವರು ಬೀಗದ ಕೈ ನನ್ನ ಕೈಗಿಟ್ಟರು. ನಂದಿತಾ ಮಾತ್ರ ನನ್ನನ್ನು ಒಂದು ಥರ ನೋಡಿದಳು.

ಯೋಜನೆ ಸರಳವಾಗಿತ್ತು. ಬಿಕ್ಕೋಡಿನಿಂದ ಬೇಲೂರು, ಬೇಲೂರಿನಿಂದ ಹಳೇಬೀಡು. ಸಂಜೆಯೊಳಗೆ ಪುಷ್ಪಗಿರಿಯ ಬುಡಕ್ಕೆ. ಅಲ್ಲಿ ನಾವಿಬ್ಬರೇ! ಒಬ್ಬ ಚಿಕ್ಕಪ್ಪ ಇಲ್ಲ, ಒಬ್ಬ ಸೋದರತ್ತೆ ಇಲ್ಲ.

ಬೇಲೂರಿನಲ್ಲಿ ಟೀ ಕುಡಿಯಲು ನಿಲ್ಲಿಸಿದ್ದೇ ತಡ, ಮೂವರು ಬಂದು ಕ್ಯಾರವಾನಿನ ಕಿಟಕಿ ಬಡಿದು "ಗೋಬಿ ಒಂದು ಪ್ಲೇಟು ಎಷ್ಟು?" ಎಂದು ಕೇಳಿದರು. ಲಕ್ಷಗಟ್ಟಲೆ ಕೊಟ್ಟು ಕೊಂಡ ಮನೆಗೆ ಗೋಬಿ ಗಾಡಿಯ ಪಟ್ಟ! ನಾನು ಟೀ ಅರ್ಧಕ್ಕೇ ಬಿಟ್ಟು ಕಾರು ಹತ್ತಿದೆ.

ಹಳೇಬೀಡು ಹತ್ತಿರವಾದಾಗ ನಂದಿತಾ ಮೆಲ್ಲಗೆ ಅಂದಳು. "ರೀ, ಅಮ್ಮನ ಮನೆ ದಾರೀಲೇ ಇದೆ. ಹತ್ತೇ ನಿಮಿಷ. ತೋರಿಸಿ ಹೊರಟುಬಿಡೋಣ."

ಓದುಗರೇ, ಹೆಂಡತಿಯ ತವರಿನ ಹತ್ತು ನಿಮಿಷ ಎಂದರೆ ಎಷ್ಟೆಂದು ಯಾವ ವಿಜ್ಞಾನವೂ ಇನ್ನೂ ಅಳೆದಿಲ್ಲ!

ಅತ್ತೆ ರುಕ್ಮಿಣಮ್ಮನವರು ಅಂಗಳಕ್ಕೆ ಬಂದು ಕ್ಯಾರವಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಒಳಗೆ ಇಣುಕಿದರು. ಒಲೆ ಮುಟ್ಟಿದರು. ಹಾಸಿಗೆ ಒತ್ತಿ ನೋಡಿದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಗೃಹಪ್ರವೇಶ ಯಾವಾಗ ಅಳಿಯಂದ್ರೇ?"

"ಗೃಹಪ್ರವೇಶವೇ? ಅತ್ತೆ, ಇದು ವಾಹನ!"

"ಒಲೆ ಐತೆ, ಹಾಸಿಗೆ ಐತೆ, ಬಾಗ್ಲು ಐತೆ, ಬಾಗ್ಲಿಗೆ ಬೀಗ ಐತೆ. ಮನೆ ಅಲ್ದೆ ಇನ್ನೇನು? ಹಾಲು ಉಕ್ಕಿಸ್ದೆ ನನ್ ಮಗಳು ಇದ್ರಾಗೆ ಒಂದು ಲೋಟ ಕಾಫೀನೂ ಕಾಯ್ಸಂಗಿಲ್ಲ."

"ನಂಬರ್ ಪ್ಲೇಟ್ ಇದೆ ಅತ್ತೆ! ಮನೆಗೆ ನಂಬರ್ ಪ್ಲೇಟ್ ಇರುತ್ತಾ?"

"ಮನೆಗೂ ನಂಬರ್ ಇರ್ತದಲ್ಲ ಅಳಿಯಂದ್ರೇ. ಪಂಚಾಯ್ತಿಯೋರೇ ಬರ್ದವ್ರೆ, ನೋಡಿ ಅಲ್ಲಿ" ಎಂದು ತಮ್ಮ ಮನೆಯ ಬಾಗಿಲ ಮೇಲೆ ತೋರಿಸಿದರು.

ನಾನು ನಂದಿತಾಳ ಕಡೆ ತಿರುಗಿದೆ. ಅವಳು ಆಗಲೇ ಒಳಗೆ ಹಾಲಿನ ಪಾತ್ರೆ ಹುಡುಕುತ್ತಿದ್ದಳು. ಮಾವ ಹನುಮಂತಯ್ಯನವರು ಶರ್ಟು ಹಾಕಿಕೊಂಡು ಬಂದರು.

"ಕಾರು ಬಿಚ್ಚಿ ಕೊಡಿ ಮೋಹನ್. ಹಳೇಬೀಡಿಗೆ ಹೋಗಿ ಪುರೋಹಿತರನ್ನ ಕರ್ಕಬತ್ತೀನಿ. ನಾಲ್ಕೂವರೆಗೆ ರಾಹುಕಾಲ."

ನನ್ನ ಮೈ ಉರಿದುಹೋಯಿತು. ಪುಷ್ಪಗಿರಿಯ ಬುಡದಲ್ಲಿ ನಾವಿಬ್ಬರೇ ಇರಬೇಕಾದ ಹೊತ್ತಿನಲ್ಲಿ ಅರ್ಧ ಊರು ಅಂಗಳಕ್ಕೆ ಬಂದು ನಿಂತಿದೆ! ಕಾರು ಬಿಚ್ಚಿಕೊಟ್ಟೆ. ಕೊಂಡಿಯ ಕೆಳಗಿನ ಪುಟ್ಟ ಆಧಾರದ ಚಕ್ರ ಊರಿ ಕ್ಯಾರವಾನನ್ನು ನಿಲ್ಲಿಸಿದೆ. ಆ ಸಿಟ್ಟಿನಲ್ಲೇ ಒಂದು ಮಾತು ಆಡಿದೆ. ಅದನ್ನು ಆಡಿದ ನಾಲಿಗೆಯನ್ನು ಇವತ್ತಿಗೂ ಶಪಿಸುತ್ತಿದ್ದೇನೆ.

"ಹಾಲು ಒಂದೇ ಯಾಕತ್ತೆ? ಹಸೂನೂ ಕರೆಸಿ! ಒಳಗೆ ನುಗ್ಗಿಸಿ! ಶಾಸ್ತ್ರ ಪೂರ್ತಿ ಆಗಲಿ!"

ಅತ್ತೆಯ ಕಣ್ಣಲ್ಲಿ ನೀರು.

"ನೋಡ್ದೇನೇ ನಂದಿತಾ? ಸಾಲೆ ಮೇಷ್ಟ್ರು, ದೇವರು ದಿಂಡ್ರು ಅನ್ನಲ್ಲ ಅಂದ್ಕಂಡಿದ್ದೆ. ಅಳಿಯಂದ್ರ ಬಾಯಲ್ಲೇ ಬಂದೋಯ್ತು!"

"ಅತ್ತೆ, ನಾನು ತಮಾಷೆಗೆ..."

"ದ್ಯಾವಯ್ಯಾ! ನಿನ್ ಗಿಡ್ಡ ಹಸು ಹಿಡ್ಕಂಬಾರೋ!"

ಯಾರು ಕೇಳುತ್ತಾರೆ? ಪಕ್ಕದ ಮನೆಯ ದ್ಯಾವಯ್ಯ ಮಲೆನಾಡು ಗಿಡ್ಡ ತಳಿಯ ಹಸುವನ್ನು ಹಿಡಿದು ತಂದೇಬಿಟ್ಟ. ಹೆಸರು ಲಚ್ಚಿ. ಎತ್ತರ ನನ್ನ ಸೊಂಟದಷ್ಟು, ಗತ್ತು ಹೆಡ್‌ಮಾಸ್ಟರಷ್ಟು. ಪುರೋಹಿತರೂ ಬಂದಿಳಿದರು. ಗಡಿಯಾರ ನೋಡಿ "ಇನ್ನು ಹದಿನೈದೇ ನಿಮಿಷ" ಎಂದು ಎಲ್ಲರ ಎದೆ ನಡುಗಿಸಿದರು. ಹೊತ್ತಿಲ್ಲವೆಂದು ಹಾಲನ್ನು ಮೊದಲೇ ಒಲೆಗಿಟ್ಟರು. ಚಕ್ರದ ಕೆಳಗೆ ನಿಂಬೆಹಣ್ಣು, ಯಾಕೆಂದರೆ ವಾಹನ. ಬಾಗಿಲಿಗೆ ಮಾವಿನ ತೋರಣ, ಯಾಕೆಂದರೆ ಮನೆ! ಇಷ್ಟು ಸಾಲದೆಂದು ಯಾರೋ ಪುಣ್ಯಾತ್ಮರು ಒಳಗೆ ಹಿಂದಿನ ಕಿಟಕಿಗೆ ಎರಡು ಎಳೆ ಬಾಳೆಕಂದು ಕಟ್ಟಿದರು. ಹಸಿ ಹಸಿಯಾದ ಎಲೆ!

ಹಲಗೆ ಇಟ್ಟು ಲಚ್ಚಿಯನ್ನು ಹತ್ತಿಸಿದರು. ಹಿಂದೆ ಮನೆಯ ಯಜಮಾನನಾದ ನಾನು. ನನ್ನ ಹಿಂದೆ ಕಳಶ ಹಿಡಿದು ನಂದಿತಾ ಹಲಗೆಯ ಮೇಲೆ ಒಂದು ಕಾಲಿಟ್ಟಿದ್ದಳು.

ಲಚ್ಚಿ ಬಾಗಿಲಲ್ಲಿ ನಿಂತು ನೋಡಿತು. ಬಾಳೆ ಎಲೆ ಕಂಡಿತು. ಆಮೇಲೆ ಅದಕ್ಕೆ ಶಾಸ್ತ್ರವೂ ಬೇಡ, ಪುರೋಹಿತರೂ ಬೇಡ! ಒಂದೇ ಓಟಕ್ಕೆ ಹಿಂದಿನ ಕಿಟಕಿಗೆ ನುಗ್ಗಿತು. ಅದನ್ನು ತಡೆಯಲು ನಾನೂ ನುಗ್ಗಿದೆ.

ಕ್ಯಾರವಾನಿನ ಮೂಗು ಮೆಲ್ಲನೆ ಆಕಾಶಕ್ಕೆ ಎದ್ದಿತು.

ಇದೇ ಮೊದಲನೇ ದರ್ಜೆಯ ಸನ್ನೆಕೋಲು. ನಡುವೆ ಆಧಾರ, ಒಂದು ಕಡೆ ಭಾರ. ಏಳು ವರ್ಷ ಕಪ್ಪು ಹಲಗೆಯ ಮೇಲೆ ಬರೆದ ಚಿತ್ರದೊಳಗೆ ನಾನೇ ಜಾರುತ್ತಿದ್ದೆ! ಹಿಂಭಾಗ ನೆಲಕ್ಕೆ ಧೊಪ್ಪೆಂದು ಕೂತಿತು. ಲಚ್ಚಿ ಹಾಸಿಗೆಯ ಮೇಲೆ, ನಾನು ಲಚ್ಚಿಯ ಮೇಲೆ. ಪಾತ್ರೆ ಉರುಳಿ ಹಾಲೆಲ್ಲ ಚೆಲ್ಲಿತು, ಒಲೆ ಆರಿತು. ಹೊರಗೆ ಅತ್ತೆಯ ದನಿ ಕೇಳಿಸಿತು.

"ಹಾಲು ಯಾವ ದಿಕ್ಕಿಗೆ ಉಕ್ತು?"

"ಅತ್ತೆ! ಮನೆ ಮಗುಚ್ತಾ ಇದೆ!"

"ದಿಕ್ಕು ಹೇಳಿ ಅಳಿಯಂದ್ರೇ!"

"ಮೂಡಣಕ್ಕೆ!" ಎಂದು ಕಿರುಚಿದೆ.

"ಬಾಳ ಒಳ್ಳೇದಾಯ್ತು" ಎಂದರು ಅತ್ತೆ. ಪುರೋಹಿತರು ಮಂತ್ರ ಮುಂದುವರಿಸಿದರು. ಜನರಲ್ಲಿ ಯಾರೋ "ಇದು ಟಿಪ್ಪರ್ ಲಾರಿ ಥರ ಎತ್ತದಾ? ಜಲ್ಲಿ ತುಂಬಬೌದು ಬಿಡ್ಲಾ" ಎಂದು ಮೆಚ್ಚಿಕೊಂಡರು. ಇತ್ತ ಗಾಬರಿಯಾದ ಲಚ್ಚಿ ನನ್ನ ಹೊಸ ಹಾಸಿಗೆಯ ಮೇಲೆ ಧಾರಾಳವಾಗಿ ಸಗಣಿ ಹಾಕಿತು. ಅದೂ ಶುಭವಂತೆ!

ಸ್ವಾಭಿಮಾನಿ ಮೇಷ್ಟರು ಇಷ್ಟಕ್ಕೆ ಸೋಲುತ್ತಾರೆಯೇ? ಕಿಟಕಿಯಿಂದ ತಲೆ ಹೊರಹಾಕಿ ಆಜ್ಞೆ ಕೊಟ್ಟೆ. "ಎಲ್ಲರೂ ಮುಂದಿನ ಕೊಂಡಿಗೆ ನೇತುಬೀಳಿ! ಭಾರ ಸಮ ಮಾಡಬೇಕು!"

"ರೀ, ಬೇಡ. ಒಂದು ನಿಮಿಷ ತಡೀರಿ" ಎಂದಳು ನಂದಿತಾ.

"ಇದು ವಿಜ್ಞಾನ ಕಣೇ! ನೀನು ಸುಮ್ನಿರು!"

ಆರು ಜನ ಗಂಡಸರು ಕೊಂಡಿಗೆ ಜೋತುಬಿದ್ದರು. ಮೂಗು ಇಳಿಯಿತು. ಇಳಿಯಿತೆಂದರೆ ಹೇಗೆ? ಬಾವಿಗೆ ಕೊಡ ಬಿಟ್ಟ ಹಾಗೆ! ಪುಟ್ಟ ಚಕ್ರ ಮುರಿದು, ಕೊಂಡಿ ಅಂಗಳದ ಕಲ್ಲುಚಪ್ಪಡಿಗೆ ಬಡಿದು ಸೊಟ್ಟಗಾಯಿತು. ಆರೂ ಜನ ಹೆದರಿ ಒಟ್ಟಿಗೇ ಕೈಬಿಟ್ಟರು. ಮೂಗು ಮತ್ತೆ ಮೇಲಕ್ಕೆ, ನಾನು ಮತ್ತೆ ಲಚ್ಚಿಯ ಮೇಲಕ್ಕೆ.

ಆಗ ದ್ಯಾವಯ್ಯ ಬೀಡಿ ಆರಿಸಿ, ಅವಸರವಿಲ್ಲದೆ ಕೊಟ್ಟಿಗೆಗೆ ಹೋಗಿ ಕರುವನ್ನು ತಂದು ಬಾಗಿಲ ಮುಂದೆ ನಿಲ್ಲಿಸಿದ. ಕರು "ಅಂಬಾ" ಎಂದಿತು. ಲಚ್ಚಿ ನನ್ನನ್ನು ಕೊಡವಿ ಎದ್ದು ಇಳಿಜಾರನ್ನು ಹತ್ತಿತು. ಅದು ಬಾಗಿಲ ಹತ್ತಿರ ಬಂದಂತೆಲ್ಲ ಮನೆ ತಾನಾಗಿ ನೆಲಕ್ಕೆ ಇಳಿಯಿತು. ನಂದಿತಾ ಸರಸರನೆ ಹೋಗಿ ನಾಲ್ಕೂ ಮೂಲೆಯ ಜಾಕಿ ಇಳಿಸಿಬಿಟ್ಟಳು. ಕನ್ನಡ ಟೀಚರು!

ರವಿಕುಮಾರ್ ಅವರಿಗೆ ಫೋನು ಮಾಡಿದೆ. "ಹೊಸ ಕೊಂಡಿ ಕೊಯಮತ್ತೂರಿಂದಲೇ ಬರ್ಬೇಕು, ಹದಿನೈದು ದಿನ ಆಗುತ್ತೆ. ಅಂದಹಾಗೆ ಮೇಷ್ಟ್ರೇ, ಜಾಕಿ ಇಳಿಸಿದ್ರಾ?" ಎಂದರು. ಸಿಗ್ನಲ್ ಸರಿ ಇಲ್ಲವೆಂದು ಫೋನಿಟ್ಟೆ.

"ನಡಿ ನಂದಿತಾ, ಅರಸೀಕೆರೆಗೆ ಹೋಗೋಣ" ಎಂದೆ.

ಅತ್ತೆ ಅಡ್ಡ ನಿಂತರು. "ಗೃಹಪ್ರವೇಶ ಆದ ಮನೆ ಬರಿದು ಬಿಡ್ತಾರಾ? ದೀಪ ಹಚ್ಚೋರು ಯಾರು?"

"ಹೌದ್ರೀ" ಎಂದಳು ನಂದಿತಾ, ಮುಖದಲ್ಲಿ ನಗು ತಡೆಯಲಾರದೆ. "ಸ್ವಂತ ಮನೆ ಇಲ್ಲಿರುವಾಗ ಬಾಡಿಗೆ ಮನೆಗೆ ಯಾಕೆ? ಸೋತ್ರೆ ರಜಕ್ಕೆ ಅಮ್ಮನ ಮನೆ ಅಂದಿದ್ದೆ. ಅಮ್ಮನ ಮನೇಲೂ ಇದ್ದ ಹಾಗಾಯ್ತು, ನಿಮ್ಮ ಕ್ಯಾರವಾನಿನಲ್ಲೂ ಇದ್ದ ಹಾಗಾಯ್ತು. ಇಬ್ಬರೂ ಗೆದ್ದ ಹಾಗಲ್ವಾ?"

ನಾನು ಯಾವ ಲೆಕ್ಕದಲ್ಲಿ ಗೆದ್ದೆನೋ ದೇವರೇ ಬಲ್ಲ! ನಾವಿಬ್ಬರೇ ಇರಬೇಕೆಂದು ಕೊಂಡ ಮನೆಗೆ ಬೆಳಗ್ಗೆ ಆರಕ್ಕೆ ಕಿಟಕಿಯಿಂದ ರಾಗಿ ರೊಟ್ಟಿ ಬರುತ್ತದೆ, ಏಳಕ್ಕೆ ಬೀದಿಯವರೆಲ್ಲ ಹಾಸಿಗೆ ಒಣಗಿತಾ ಎಂದು ವಿಚಾರಿಸಲು ಬರುತ್ತಾರೆ, ಎಂಟಕ್ಕೆ ಲಚ್ಚಿ ತಾನಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತದೆ. "ಹಸು ಒಳಗೆ ನುಗ್ಸಿ ಅಂದೋರು ಅಳಿಯಂದ್ರೇ" ಎಂದು ಅತ್ತೆ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ.

ನಿನ್ನೆ ಬೆಳಗ್ಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ಹಳೇಬೀಡಿನ ದೇವಸ್ಥಾನ ನೋಡಲು ಬಂದು ದಾರಿ ತಪ್ಪಿದ ಕುಟುಂಬವೊಂದು ಕಾರು ನಿಲ್ಲಿಸಿತು. ತೋರಣ, ರಂಗೋಲಿ, ಕ್ಯಾರವಾನು ಎಲ್ಲ ನೋಡಿ ಅವರಿಗೆ ಖುಷಿಯೋ ಖುಷಿ.

"ಇದೇನು ರೆಸಾರ್ಟಾ? ಇವರು ಮ್ಯಾನೇಜರಾ?" ಎಂದು ಕೇಳಿದರು.

ನನ್ನ ಬಾಯಿ ತುಂಬ ಪೇಸ್ಟು. ಜಗಲಿಯ ಮೇಲಿದ್ದ ದ್ಯಾವಯ್ಯ ಎದ್ದು ನಿಂತು, ಕೈಮುಗಿದು, ಬಹಳ ಗೌರವದಿಂದ ಪರಿಚಯ ಮಾಡಿಕೊಟ್ಟ.

"ಇಲ್ಲ ಸೋಮಿ. ಇವ್ರು ನಮ್ ಹನುಮಂತಯ್ಯನೋರ ಮನೆ ಅಳಿಯ. ಬ್ಯಾರೆ ಮನೆ ಅಳಿಯಂದ್ರೆಲ್ಲ ಕೈ ಬೀಸ್ಕಂಡು ಬತ್ತಾರೆ. ಪಾಪ, ಇವ್ರು ಮನೇನೂ ತಾವೇ ಎಳ್ಕಂಡು ಬಂದವ್ರೆ!"