ಚಾಮರಾಜಪೇಟೆಯ ಕಾಣದ ಛತ್ರ

ಸಂಕರ್ಷಣನ ಪಾಡು ನಾಯಿಪಾಡಾಗಲು ಕಾರಣ ಒಂದು ಓರೆ ಗೆರೆ. ಚಾಮರಾಜಪೇಟೆಯಲ್ಲಿ ವೀರಭದ್ರಯ್ಯನವರ ಮದುವೆ ಛತ್ರಕ್ಕೆ ಅವನು ಹದಿನೈದು ವರ್ಷದಿಂದ ಮ್ಯಾನೇಜರು. ರಸೀದಿಯಲ್ಲಿ ಎಂದೂ ಖಾಲಿ ಜಾಗ ಬಿಟ್ಟವನಲ್ಲ. ಬಿಟ್ಟರೆ ಯಾರಾದರೂ ಏನಾದರೂ ತುಂಬಿಬಿಟ್ಟಾರೆಂಬ ಭಯಕ್ಕೆ ಅಲ್ಲೊಂದು ಓರೆ ಗೆರೆ ಎಳೆದುಬಿಡುತ್ತಿದ್ದ. ಛತ್ರಕ್ಕೆ ವೆಬ್‌ಸೈಟು ಮಾಡಿಸಿದಾಗಲೂ, ಪಾಪ, ಅದೇ ಬುದ್ಧಿ ತೋರಿಸಿದ್ದ.

ಸೋಮವಾರ ಬೆಳಿಗ್ಗೆ ವೀರಭದ್ರಯ್ಯನವರು ಗುಡುಗಿದರು.

"ಆರು ತಿಂಗಳಾಯ್ತು ಕಣ್ರೀ ವೆಬ್‌ಸೈಟ್ ಮಾಡ್ಸಿ. ಗೂಗಲ್‌ನಲ್ಲಿ ಹುಡುಕಿದ್ರೆ ಊರಲ್ಲಿರೋ ಛತ್ರ ಎಲ್ಲಾ ಬರುತ್ತೆ, ನಮ್ಮದು ಮಾತ್ರ ಇಲ್ಲ! ಶನಿವಾರದೊಳಗೆ ಕಾಣಿಸ್ಬೇಕು. ಕಾಣಿಸಿದ್ರೆ ಮೇ ಹದಿನಾಲ್ಕಕ್ಕೆ ಛತ್ರ ನಿಮ್ಮ ತಂಗಿ ಮದುವೆಗೆ. ಇಲ್ದಿದ್ರೆ ಆ ಮಾತೇ ಬೇಡ."

ಸಂಕರ್ಷಣನ ತಂಗಿ ದೀಪ್ತಿಗೆ ಗಂಡಿನ ಕಡೆಯವರು ಗೊತ್ತುಮಾಡಿದ್ದ ಮುಹೂರ್ತ ಅದೊಂದೇ. ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಅಲೆದರೂ ಆ ದಿನಕ್ಕೆ ಬೇರೆ ಛತ್ರ ಸಿಕ್ಕಿರಲಿಲ್ಲ. "ಛತ್ರ ಸಿಗ್ಲಿಲ್ಲ ಅಂದ್ರೆ ನಾವು ಬೇರೆ ಕಡೆ ಹೆಣ್ಣು ನೋಡ್ಕೋತೀವಿ" ಎಂದು ಗಂಡಿನ ತಾಯಿ ನಗುನಗುತ್ತಲೇ ಹೇಳಿದ್ದರು. ಆ ನಗು ನೆನೆದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ವೆಬ್‌ಸೈಟು ಮಾಡಿಕೊಟ್ಟಿದ್ದ ವಂಶಿಯ ಸೈಬರ್ ಕೆಫೆಗೆ ಓಡಿದ. ವಂಶಿ ತಿಂಡಿಗೆ ಹೋಗಿದ್ದ. ಓಲಗದ ದೊರೆಸ್ವಾಮಿ ಬೆನ್ನಿಗೇ ಬಂದ. ಛತ್ರದಲ್ಲಿ ಮದುವೆಯಾದರೆ ತಾನೇ ಅವನ ಹೊಟ್ಟೆಪಾಡು.

"ಹೆಸ್ರು ಒಂದೇ ಥರ ಬರೆದ್ರೆ ಯಾರಿಗ್ ಸಿಗುತ್ತೆ ಸಾಮಿ? ಇಂಗ್ಲಿಷ್‌ನಲ್ಲಿ ಚಾಮರಾಜಪೇಟೆನ ಒಬ್ಬೊಬ್ರು ಒಂದೊಂದು ಥರ ಬರೀತಾರೆ. ಎಲ್ಲಾನೂ ಹಾಕ್ಬಿಡಿ."

ಸಂಕರ್ಷಣ ಕೂತು ಹತ್ತೊಂಬತ್ತು ಥರ ಬರೆದ. ಕೊನೆಗೆ ಸರಿಯಾದದ್ದು ಯಾವುದೆಂದು ಅವನಿಗೇ ಮರೆತುಹೋಯಿತು.

ಅಷ್ಟರಲ್ಲಿ ಛತ್ರಕ್ಕೆ ಹೂವು ಕೊಡುವ ಶೈಲಜಮ್ಮ ಬಾಗಿಲಲ್ಲಿ ನಿಂತು ಕೇಳಿದರು. "ಆ ವೆಬ್‌ಸೈಟ್ ಇರೋದಾದ್ರೂ ಎಲ್ಲಿ?"

"ಅಮೆರಿಕದಲ್ಲಿ ಸರ್ವರ್ ಅಂತ ಒಂದು ಕಂಪ್ಯೂಟರ್ ಇದೆ, ಅದರಲ್ಲಿ" ಎಂದ ಸಂಕರ್ಷಣ.

"ಅಯ್ಯೋ, ಸಮುದ್ರ ದಾಟಿದೆಯಾ! ಇನ್ನೆಲ್ಲಿ ಏಳ್ಗೆ? ಮೊದ್ಲು ವಾಪಸ್ ಕರೆಸ್ಕೊಳ್ಳಿ."

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಸಂಕರ್ಷಣ ವಂಶಿ ಹಿಂದೆ ಕೊಟ್ಟಿದ್ದ ಪಾಸ್‌ವರ್ಡು ಹಾಕಿ, ವೆಬ್‌ಸೈಟಿನ ವಿಳಾಸ ಬರೆದಿರುವ ಡೊಮೇನಿನ ಪುಟ ತೆರೆದು, ಅಮೆರಿಕದ ಸರ್ವರಿನ ನಂಬರು ಅಳಿಸಿ, ಅಲ್ಲಿ ಚಾಮರಾಜಪೇಟೆಯ ಪಿನ್‌ಕೋಡು ತುಂಬಿದ. ಗೂಗಲ್‌ನಲ್ಲಷ್ಟೇ ಕಾಣದಿದ್ದ ಛತ್ರ ಸ್ವಲ್ಪ ಹೊತ್ತಿಗೆ ಎಲ್ಲಿಯೂ ಕಾಣದಂತಾಯಿತು.

ತಿಂಡಿ ಮುಗಿಸಿ ಬಂದ ವಂಶಿ ತಲೆ ಚಚ್ಚಿಕೊಂಡ.

"ಪಿನ್‌ಕೋಡ್ ಹಾಕಿದ್ರೆ ಪೋಸ್ಟ್‌ಮ್ಯಾನ್ ತಂದ್ಕೊಡ್ತಾನಾ ಸಾರ್?" ಎನ್ನುತ್ತ ಹಳೆಯ ನಂಬರು ಹಾಕಿದ. ಹಾಗೆಯೇ ಸರ್ವರಿನಲ್ಲಿದ್ದ ಚಿಕ್ಕ ಫೈಲೊಂದನ್ನು ತೆರೆದವನು ಕಣ್ಣುಜ್ಜಿಕೊಂಡ. "ಗೂಗಲ್ ಬಂದಾಗ ಯಾವ ಪುಟಕ್ಕೆ ತಡೆ ಅಂತ ಇಲ್ಲಿ ಬರೀಬೇಕು. ತಡೆ ಇಲ್ಲ ಅಂದ್ರೆ ಖಾಲಿ ಬಿಡ್ಬೇಕು. ನಾನು ಖಾಲಿ ಬಿಟ್ಟಿದ್ದೆ. ಈ ಓರೆ ಗೆರೆ ಯಾರು ಹಾಕಿದ್ದು?"

"ನಾನೇ ಕಣಪ್ಪಾ. ಖಾಲಿ ಇತ್ತಲ್ಲ, ಯಾರಾದ್ರೂ ಏನಾದ್ರೂ ತುಂಬಿಬಿಟ್ರೆ ಅಂತ..."

"ಆ ಗೆರೆ ಇದ್ರೆ ಇಡೀ ಸೈಟಿಗೇ ತಡೆ ಅಂತ ಅರ್ಥ! ಆರು ತಿಂಗಳಿಂದ ಬಾಗಿಲಲ್ಲಿ ನಿಂತು ಗೂಗಲ್‌ನ ಓಡಿಸಿದೀರ ಸಾರ್!"

ಗೆರೆ ಅಳಿಸಿದ್ದಾಯಿತು. ಆದರೆ ಗೂಗಲ್ ಮತ್ತೆ ಬಂದು ನೋಡುವುದು ಅದರ ಚಿತ್ತ. ಮಂಗಳವಾರ ಇಲ್ಲ, ಬುಧವಾರ ಇಲ್ಲ, ಶುಕ್ರವಾರವೂ ಇಲ್ಲ. ಸಂಕರ್ಷಣ ದಿನಕ್ಕೆ ಎಂಟು ಸಲ ಕೆಫೆಗೆ ಹೋಗಿ ಜೋಲುಮೋರೆ ಹಾಕಿಕೊಂಡು ಹಿಂದಿರುಗುತ್ತಿದ್ದ. ಮನೆಯಲ್ಲಿ ದೀಪ್ತಿ ಧಾರೆ ಸೀರೆ ತೋರಿಸಿದರೆ ಬೆವರುತ್ತಿದ್ದ.

ಶನಿವಾರ ಮಧ್ಯಾಹ್ನ ಕಾಣಿಸಿತು! ಅದೂ ಮೊದಲನೇ ಸಾಲಿನಲ್ಲಿ. ಸಂಕರ್ಷಣ ಚಪ್ಪಲಿಯನ್ನು ಕೆಫೆಯಲ್ಲೇ ಮರೆತು ಛತ್ರಕ್ಕೆ ಓಡಿದ.

"ಸಾರ್, ಬಂತು! ನಮ್ಮ ಛತ್ರ ಬಂತು!"

"ಗೊತ್ತು ಕಣ್ರೀ!" ವೀರಭದ್ರಯ್ಯನವರು ಎದ್ದು ಬಂದು ತಬ್ಬಿಕೊಂಡರು. "ಗೂಗಲ್‌ನಲ್ಲಿ ನೋಡಿ ಈಗಷ್ಟೇ ಪುಣೆಯಿಂದ ಫೋನ್ ಮಾಡಿದ್ರು. ಅವ್ರಿಗೆ ಬೇಕಿದ್ದ ದಿನ ಬೆಂಗಳೂರಿಗೆಲ್ಲ ಖಾಲಿ ಇದ್ದದ್ದು ನಮ್ಮದೊಂದೇ ಅಂತೆ. ಕೊಟ್ಬಿಟ್ಟೆ."

ಸಂಕರ್ಷಣ ಅಪ್ಪುಗೆಯಿಂದ ಬಿಡಿಸಿಕೊಂಡ. "ಯಾವ ದಿನ ಸಾರ್?"

"ಮೇ ಹದಿನಾಲ್ಕು. ನಿಮ್ಮ ಕೆಲಸದಿಂದ ಬಂದ ಮೊದಲ್ನೇ ಗಿರಾಕಿ, ಬೇಡ ಅನ್ನೋಕಾಗುತ್ತಾ? ನೀವು ಮನೆಯೋರು, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಇಷ್ಟಕ್ಕೂ ಬೇರೆ ಛತ್ರ ಹುಡುಕೋದು ನಿಮಗೇನು ಕಷ್ಟ? ಗೂಗಲ್ ಇದೆಯಲ್ಲ!"

ಸಂಕರ್ಷಣ ಬರಿಗಾಲಲ್ಲೇ ಕೆಫೆಗೆ ಹೋಗಿ ಹುಡುಕಿದ. ಮೊದಲು ಬಂದದ್ದು ವೀರಭದ್ರಯ್ಯನವರದೇ ಛತ್ರ.